ಅಲುಗಾಡಿದವರು ಎಲ್ಲಿ ಹೋದರು?

1

ಹೋದ ವರ್ಷ ಗೆಳೆಯನೊಬ್ಬ ಬೆಂಗಳೂರಿನ ಒಂದು ಗ್ಯಾಲರಿಗೆ ನನ್ನನ್ನ ಎಳೆದುಕೊಂಡು ಹೋದ. ಒಳಗೆ ಎ.ಸಿ. ತಣ್ಣಗಿತ್ತು. ಚಪ್ಪಲಿ ಹಾಕಿಕೊಂಡೇ ಬನ್ನಿ ಅಂದರೂ ಬಿಟ್ಟು ಹೋಗಬೇಕು ಅನ್ನಿಸುವಂಥ ನೆಲ. ಗೋಡೆ ತುಂಬ ಚಿತ್ರಗಳು. ಮೊದಲು ನೋಡಿದಾಗ ಪೇಂಟಿಂಗು ಅಂದುಕೊಂಡೆ. ಗೆಳೆಯ ನಕ್ಕ. ಎಲ್ಲಾ ಫೋಟೋಗಳೇ. ಕ್ಯಾಮರಾದ ಷಟರನ್ನ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿಟ್ಟು, ಆ ಹೊತ್ತಿನಲ್ಲಿ ಕ್ಯಾಮರಾವನ್ನೇ ಬೇಕಂತ ಮೇಲಕ್ಕೆ ಕೆಳಕ್ಕೆ, ಎಡಕ್ಕೆ ಬಲಕ್ಕೆ ಆಡಿಸಿ ತೆಗೆದ ಚಿತ್ರಗಳು. ಮರ ಅನ್ನೋದು ಉದ್ದನೆಯ ಗೆರೆಯಾಗಿತ್ತು. ಸಮುದ್ರ ಮೂರು ಪಟ್ಟೆಯಾಗಿತ್ತು. ಬೀದಿದೀಪಗಳು ಬೆಂಕಿಯ ಹುಳುಗಳಾಗಿದ್ದವು.

ಒಂದು ಚಿತ್ರದ ಮುಂದೆ ನಿಂತುಬಿಟ್ಟೆ. ತುಂಬಾ ಹಸಿರು. ಹಸಿರಿನ ಮೇಲೆ ಅಡ್ಡಡ್ಡ ಎಳೆದ ಗುಲಾಬಿ, ಹಳದಿ, ನೀಲಿ ಗೆರೆಗಳು. ಕೆಳಗೆ ಚೀಟಿ: 'ಅಮೂರ್ತ – 7'. ಚಂದ ಇತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚಂದ ಇತ್ತು. ನೋಡ್ತಾ ನೋಡ್ತಾ ಆ ಬಣ್ಣದ ಗೆರೆಗಳ ನಡುವಿನ ಅಂತರ ನನಗೆ ಏನನ್ನೋ ಹೇಳೋಕೆ ಶುರು ಮಾಡಿತು. ನಾಟಿ ಹಾಕುವಾಗ ಹೆಂಗಸರು ಒಬ್ಬರಿಂದೊಬ್ಬರು ನಿಲ್ಲುವ ಅಂತರ ಅದು. ಕೈಗೆ ಕೈ ತಾಕಬಾರದು, ಸಾಲು ತಪ್ಪಲೂಬಾರದು. ನಮ್ಮವ್ವನ ಪಕ್ಕ ಪೈರು ಹಿಡಿದು ನಿಂತವನಿಗೆ ಆ ಅಂತರ ಮೈಯಲ್ಲೇ ಇರುತ್ತದೆ. ಆ ಗುಲಾಬಿ ಒಂದು ಸೀರೆ. ಆ ಹಳದಿ ಇನ್ನೊಂದು. ಬಗ್ಗಿದ ಏಳು ಬೆನ್ನುಗಳು ಅಲ್ಲಿದ್ದವು.

ಚಿತ್ರ ತೆಗೆದವರು ಅಲ್ಲೇ ಇದ್ದರು. 'ಇದು ಯಾವೂರ ಗದ್ದೆ ಸಾರ್?' ಅಂತ ಕೇಳಿದೆ. 'ಊರು ಮುಖ್ಯ ಅಲ್ಲ. ನಾನು ಲಯ ಹಿಡಿಯೋಕೆ ನೋಡ್ತಿದ್ದೆ' ಅಂದರು. ಒಳ್ಳೆಯ ಮನುಷ್ಯ. ನನ್ನ ಹೆಗಲ ಮೇಲೆ ಕೈಯಿಟ್ಟು ಮಾತಾಡಿದರು, ಟೀ ಕೊಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಸ್ಸಿನಲ್ಲಿ ಕೂತು ಊರಿಗೆ ಬರುವಾಗ ತಲೆಯಲ್ಲಿ ಒಂದೇ ಪ್ರಶ್ನೆ: ಆ ಏಳು ಜನ ಎಲ್ಲಿ ಹೋದರು?

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯಲ್ಲಿ ಅಜ್ಜಿಯದು ಇರೋದು ಒಂದೇ ಫೋಟೋ. ಯಾರದೋ ಮದುವೆಯ ಗುಂಪು ಚಿತ್ರದಲ್ಲಿ ಅಂಚಿಗೆ ನಿಂತವಳು, ಷಟರ್ ತೆರೆದಿದ್ದಾಗ ಮಗುವನ್ನ ಕೂಗೋಕೆ ಕತ್ತು ತಿರುಗಿಸಿದಳು. ಅವಳು ಸತ್ತ ಮೇಲೆ ಅಪ್ಪ ಅದನ್ನೇ ಕತ್ತರಿಸಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ. ಗೋಡೆಯ ಮೇಲೆ ಹಾರದೊಳಗೆ ಇರೋದು ಮುಖ ಅಲ್ಲ, ಮುಖ ಹಾದುಹೋದ ಕಲೆ. ಅಜ್ಜಿಯ ಕಣ್ಣು ಹೆಂಗಿತ್ತು ಅಂತ ನನ್ನ ತಂಗಿಗೆ ತೋರಿಸೋಕೆ ನಮ್ಮಲ್ಲಿ ಏನೂ ಇಲ್ಲ. ಹೀಗಿರುವಾಗ, ಮಸುಕನ್ನ ಬೇಕಂತಲೇ ಮಾಡಿ ಬೆಲೆ ಕಟ್ಟಿ ತೂಗುಹಾಕಿದ್ದನ್ನ ಕಂಡರೆ ನನ್ನಂಥವನ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ 'ಏನೋ' ಅಸೂಯೆಯೋ, ಅರ್ಥವೋ ಅಂತ ನೋಡಿಕೊಳ್ಳೋದಕ್ಕೇ ಈ ಲೇಖನ.

2

ತಂತ್ರ ತಿಳಿಯದೆ ಬೈಯೋದು ವಿಮರ್ಶೆ ಅಲ್ಲ. ನಮ್ಮ ಪದ್ಯಗಳನ್ನ ಓದದೆಯೇ ಬರೀ ಘೋಷಣೆ ಅಂತ ತಳ್ಳಿದವರ ಮೇಲೆ ನಮಗೆ ಸಿಟ್ಟಿದೆಯಲ್ಲ, ಆ ತಪ್ಪನ್ನ ನಾವು ಮಾಡಬಾರದು. ಮೊದಲು ಇದು ಹೇಗೆ ಆಗುತ್ತದೆ ನೋಡೋಣ.

ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ ಷಟರ್ ತೆರೆಯೋದು ಸೆಕೆಂಡಿನ 1/125 ಭಾಗವೋ ಅದಕ್ಕಿಂತ ಕಡಿಮೆಯೋ. ಅಷ್ಟರಲ್ಲಿ ನಡೆಯುವ ಮನುಷ್ಯ ಕೂಡ ನಿಂತ ಹಾಗೇ ಸಿಗುತ್ತಾನೆ. ಇವರು ಸೆಕೆಂಡಿನ 1/15 ಭಾಗದಿಂದ ಹಿಡಿದು ಒಂದೆರಡು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ತೆರೆದಿಡುತ್ತಾರೆ. ಹಗಲಿನಲ್ಲಿ ಹಾಗೆ ಮಾಡಿದರೆ ಬೆಳಕು ತುಂಬಿ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೇ ಐಎಸ್‌ಒ 100ಕ್ಕೆ ಇಳಿಸುತ್ತಾರೆ, ಲೆನ್ಸಿನ ಕಂಡಿಯನ್ನ ಎಫ್ 16ಕ್ಕೋ ಎಫ್ 22ಕ್ಕೋ ಕಿರಿದು ಮಾಡುತ್ತಾರೆ, ಸಾಲದಿದ್ದರೆ ಮುಂದೆ ಕಪ್ಪು ಗಾಜಿನ ಫಿಲ್ಟರ್ ಹಾಕುತ್ತಾರೆ. ಆಮೇಲೆ ಕೈಯ ಕೆಲಸ. ನೆಟ್ಟಗಿನ ಮರಗಳಿದ್ದರೆ ಕ್ಯಾಮರಾ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಕಾಂಡ ಗೆರೆಯಾಗಿ ಉಳಿಯುತ್ತದೆ, ಎಲೆ ಕೊಂಬೆ ಕರಗುತ್ತವೆ. ಸಮುದ್ರ, ಬಯಲು ಆದರೆ ಅಡ್ಡಕ್ಕೆ. ಷಟರ್ ತೆರೆದಿರುವಾಗಲೇ ಜೂಮ್ ತಿರುಗಿಸಿದರೆ ನಡುವಿನಿಂದ ಹೊರಕ್ಕೆ ಸಿಡಿದ ಹಾಗೆ ಆಗುತ್ತದೆ. ನೂರು ತೆಗೆದರೆ ಒಂದೋ ಎರಡೋ ನಿಲ್ಲುತ್ತವೆ. ಈಗ ಫೋನಿನಲ್ಲೂ ಇದಕ್ಕೆ ಆ್ಯಪ್‌ಗಳಿವೆ.

ಒಳಗಿನ ಲೆಕ್ಕ ಸರಳ. ಷಟರ್ ತೆರೆದಿರುವಷ್ಟು ಹೊತ್ತೂ ಫಿಲ್ಮಿನ ಮೇಲೋ ಸೆನ್ಸರಿನ ಮೇಲೋ ಬೆಳಕು ಕೂಡುತ್ತಾ ಹೋಗುತ್ತದೆ. ಒಂದು ವಸ್ತುವಿನ ಬೆಳಕು ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಆ ವಸ್ತು ಗಟ್ಟಿಯಾಗಿ ಮೂಡುತ್ತದೆ. ಜಾಗ ಬದಲಿಸುತ್ತಿದ್ದರೆ ಅದರ ಬೆಳಕು ದಾರಿಯುದ್ದಕ್ಕೂ ಹಂಚಿಹೋಗಿ ತೆಳ್ಳಗಾಗುತ್ತದೆ. ಬಹಳ ಬೇಗ ಸರಿದರೆ ಲೆಕ್ಕಕ್ಕೇ ಬರೋದಿಲ್ಲ. ಅಂದರೆ ಕ್ಯಾಮರಾ ನಿಂತಲ್ಲೇ ನಿಂತಿದ್ದರೆ, ನಿಂತವನಿಗೆ ಚಿತ್ರದಲ್ಲಿ ಜಾಗ ಇದೆ, ಸರಿಯುವವನಿಗೆ ಇಲ್ಲ. ಗುಳೆ ಹೋದವರ ಹೆಸರು ಯಾವ ಪಟ್ಟಿಯಲ್ಲೂ ಸರಿಯಾಗಿ ಸಿಗದಿರೋದನ್ನ ಕಂಡ ನಮಗೆ ಈ ಲೆಕ್ಕ ಹೊಸದಲ್ಲ.

ಈ ಲೆಕ್ಕವನ್ನ ಕೈಯಲ್ಲಿ ಹಿಡಿದುಕೊಂಡು ಫೋಟೋಗ್ರಫಿಯ ಚರಿತ್ರೆಯನ್ನ ಸ್ವಲ್ಪ ತಿರುವಿ ನೋಡೋಣ. ಯಾಕಂದರೆ ಮಸುಕು ನಿನ್ನೆ ಹುಟ್ಟಿದ ಫ್ಯಾಷನ್ ಅಲ್ಲ. ಅದು ಈ ಕಲೆಯ ಮೊದಲ ದಿನದಿಂದಲೇ ಇದೆ.

3

1838. ಪ್ಯಾರಿಸ್. ದಾಗೆರ್ ಅನ್ನುವವನು ತನ್ನ ಕಿಟಕಿಯಿಂದ ಬುಲೆವಾರ್ ದ್ಯು ತಾಂಪ್ಲ್ ಅನ್ನುವ ದೊಡ್ಡ ಬೀದಿಯ ಚಿತ್ರ ತೆಗೆದ. ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಬೆಳಕು ಮೂಡಬೇಕಾದರೆ ಆಗ ಹಲವು ನಿಮಿಷ ಬೇಕಿತ್ತು. ಆ ಬೀದಿ ಗಿಜಿಗುಡುವ ಬೀದಿ. ಕುದುರೆಗಾಡಿ, ವ್ಯಾಪಾರಿಗಳು, ಕೂಲಿಗಳು, ಹೆಂಗಸರು, ಮಕ್ಕಳು. ತಗಡಿನ ಮೇಲೆ ಮೂಡಿದ್ದು ಮಾತ್ರ ಖಾಲಿ ಬೀದಿ. ಕಟ್ಟಡಗಳು ಇದ್ದವು, ಮರಗಳು ಇದ್ದವು, ಜನ ಇರಲಿಲ್ಲ. ಅಷ್ಟೂ ಜನ ಅಲುಗಾಡುತ್ತಿದ್ದರು, ಅದಕ್ಕೇ ಅಳಿಸಿಹೋದರು.

ಒಂದು ಮೂಲೆಯಲ್ಲಿ ಮಾತ್ರ ಒಬ್ಬ ನಿಂತಿದ್ದ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ. ಅವನ ಮುಂದೆ ಕೂತು ಬೂಟು ಉಜ್ಜುತ್ತಿದ್ದವನು ಇನ್ನೊಬ್ಬ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರು ಅಂತ ಸಾಮಾನ್ಯವಾಗಿ ಹೇಳೋದು ಈ ಇಬ್ಬರನ್ನೇ.

ಮುಂದಿನ ವರ್ಷ, 1839ರ ಮಾರ್ಚಿನಲ್ಲಿ, ಟೆಲಿಗ್ರಾಫಿನ ಮೋರ್ಸ್ ಪ್ಯಾರಿಸ್ಸಿನಲ್ಲಿ ಈ ಚಿತ್ರ ನೋಡಿ ಅಮೆರಿಕಕ್ಕೆ ಕಾಗದ ಬರೆದ. ಜನ ತುಂಬಿದ ಬೀದಿ ಪೂರಾ ಖಾಲಿ ಕಾಣುತ್ತದೆ, ಬೂಟು ಉಜ್ಜಿಸಿಕೊಳ್ಳುವ ಒಬ್ಬ ವ್ಯಕ್ತಿಯ ಹೊರತು, ಅಂತ ಅದರಲ್ಲಿ ಹೇಳಿದ. ಕಾರಣವನ್ನೂ ಸರಿಯಾಗೇ ಕೊಟ್ಟ. ಒಂದು ಕಾಲು ಪಾಲಿಶ್ ಪೆಟ್ಟಿಗೆಯ ಮೇಲೆ, ಇನ್ನೊಂದು ನೆಲದ ಮೇಲೆ ಅಲುಗದೆ ಇದ್ದದ್ದರಿಂದ ಬೂಟು, ಕಾಲು ಚೆನ್ನಾಗಿ ಮೂಡಿವೆ. ಮೈ, ತಲೆ ಅಲುಗಿದ್ದರಿಂದ ಮೂಡಿಲ್ಲ ಅಂತ.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಮೋರ್ಸ್ ಎಣಿಸಿದ್ದು 'ಒಬ್ಬ ವ್ಯಕ್ತಿ'ಯನ್ನ. ಬೂಟು ಮುಂದೆ ಚಾಚಿದವನನ್ನ. ಬೂಟು ಉಜ್ಜುವವನ ಪೆಟ್ಟಿಗೆ ಅವನ ಕಾಗದದಲ್ಲಿ ಬಂತು, ಎಣಿಕೆಯಲ್ಲಿ ಅವನು ಬರಲಿಲ್ಲ. ಅವನ ಕೈ ಅಲುಗುತ್ತಿತ್ತು. ಅಲುಗೋದೇ ಅವನ ಕೆಲಸ. ಅವನು ಕೈ ಆಡಿಸಿದ್ದರಿಂದ ಇನ್ನೊಬ್ಬನ ಕಾಲು ನಿಂತಿತು, ನಿಂತ ಕಾಲು ಚರಿತ್ರೆಗೆ ಸೇರಿತು. ಬೂಟು ಪಾಲಿಶ್ ಅನ್ನೋದು ನಮ್ಮ ದೇಶದಲ್ಲಿ ಯಾವ ಜಾತಿಯ ಕೈಗೆ ಬಿತ್ತು ಅಂತ ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಿಲ್ಲ. ಹಾಗಂತ ಪ್ಯಾರಿಸ್ಸಿನ ಆ ಮನುಷ್ಯನನ್ನ ನಮ್ಮ ಜಾತಿಗೆ ಸೇರಿಸಿಕೊಳ್ಳೋಕೂ ನಾನು ಹೋಗೋದಿಲ್ಲ. ಅವನ ದುಃಖ ಅವನದು. ಆದರೆ ದುಡಿಯುವ ಕೈ ಮಸುಕಾಗಿ, ದುಡಿಸಿಕೊಳ್ಳುವ ಕಾಲು ಸ್ಪಷ್ಟವಾಗಿ ಮೂಡಿದ್ದು ಈ ಕಲೆಯ ಹುಟ್ಟಿನಲ್ಲೇ ಇದೆ ಅನ್ನೋದನ್ನ ಮರೆಯಬಾರದು. ದಾಗೆರ್‌ನಿಗೆ ಬೇರೆ ದಾರಿ ಇರಲಿಲ್ಲ, ರಾಸಾಯನಿಕ ನಿಧಾನವಾಗಿತ್ತು. ಇವತ್ತಿನವರಿಗೆ ದಾರಿ ಇದೆ.

4

ಇವತ್ತಿನ ಒಬ್ಬರನ್ನ ನೋಡಿ. ಮೈಕೆಲ್ ವೆಸೆಲಿ ಅನ್ನುವ ಜರ್ಮನ್ ಕಲಾವಿದ ಷಟರನ್ನ ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆರೆದಿಟ್ಟ. ಬರ್ಲಿನ್ನಿನ ಪಾಟ್ಸ್‌ಡಾಮರ್ ಪ್ಲಾಟ್ಸ್ ಅನ್ನುವ ಚೌಕ ಮತ್ತೆ ಕಟ್ಟುತ್ತಿದ್ದಾಗ, 1997ರಿಂದ ಅದನ್ನ ಹೀಗೆ ಹಿಡಿದ. 2001ರಿಂದ 2004ರ ತನಕ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನ ಹೊಸ ಕಟ್ಟಡ ಏಳುವುದನ್ನ ಹಿಡಿದ. ಒಂದೊಂದು ಚಿತ್ರಕ್ಕೆ 34 ತಿಂಗಳ ತನಕ. ಆಕಾಶದಲ್ಲಿ ಸೂರ್ಯನ ದಾರಿಗಳು ಗೆರೆಗೆರೆಯಾಗಿ ಮೂಡಿವೆ, ಕಟ್ಟಡಗಳು ಒಂದರೊಳಗೊಂದು ಗಾಜಿನ ಹಾಗೆ ಏಳುತ್ತವೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅಷ್ಟು ತಿಂಗಳು ಕಬ್ಬಿಣ ಹೊತ್ತವರು, ಕಾಂಕ್ರೀಟು ಸುರಿದವರು? ಒಬ್ಬರೂ ಇಲ್ಲ. ಕಟ್ಟಡ ತಾನೇ ತಾನಾಗಿ ಬೆಳೆದ ಹಾಗಿದೆ. ಇದನ್ನ ಎರಡು ರೀತಿ ಓದಬಹುದು. ಕಟ್ಟಿದವರನ್ನ ಅಳಿಸುವ ಚಿತ್ರ ಅನ್ನಬಹುದು. ಕಟ್ಟಿದವರನ್ನ ಅಳಿಸುವ ಊರಿನ ನಿಜವಾದ ಚಿತ್ರ ಅಂತಲೂ ಅನ್ನಬಹುದು. ನನಗೆ ಎರಡನೆಯದೇ ಹೆಚ್ಚು ಸರಿ ಕಾಣುತ್ತದೆ.

ಇದಕ್ಕೆ ತಿರುವುಮುರುವಾದ ಸಂಗತಿ ಇನ್ನೊಂದಿದೆ. ಅಲ್ಲಿ ಕೂಲಿಯವನ ಚಲನೆ ಮಾತ್ರ ಉಳಿದು ಕೂಲಿಯವನು ಹೋದ. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್, ಲಿಲಿಯನ್ ಗಿಲ್ಬ್ರೆತ್ ಅನ್ನುವ ಗಂಡ ಹೆಂಡತಿ 1910ರ ದಶಕದಲ್ಲಿ ಕೆಲಸಗಾರರ ಬೆರಳಿಗೆ ಸಣ್ಣ ವಿದ್ಯುತ್ ದೀಪ ಕಟ್ಟಿ, ಷಟರ್ ತೆರೆದಿಟ್ಟು ಫೋಟೋ ತೆಗೆದರು. ಕೈ ಆಡಿದ ದಾರಿಯೆಲ್ಲ ಬಿಳಿ ಗೆರೆಯಾಗಿ ಮೂಡಿತು. ಬೆಳಕನ್ನ ಬಿಟ್ಟುಬಿಟ್ಟು ಉರಿಸಿ ವೇಗದ ಲೆಕ್ಕವನ್ನೂ ಹಾಕಿದರು. ಆ ಗೆರೆಗಳ ಹಾಗೆ ತಂತಿ ಬಗ್ಗಿಸಿ ಮಾದರಿ ಮಾಡಿ, 'ಕೈ ಹೀಗೆ ಆಡಬೇಕು' ಅಂತ ಕೆಲಸಗಾರರಿಗೆ ಕಲಿಸಿದರು. ಫ್ರಾಂಕ್ ತಾನೇ ಇಟ್ಟಿಗೆ ಕಟ್ಟುವ ಕೆಲಸ ಕಲಿತು ಮೇಲೆ ಬಂದವನು. ದೀಪ ಕಟ್ಟುವುದಕ್ಕಿಂತ ಮೊದಲೇ, ಒಂದು ಇಟ್ಟಿಗೆ ಇಡೋಕೆ ಬೇಕಾಗುತ್ತಿದ್ದ 18 ಚಲನೆಗಳನ್ನ 5ಕ್ಕೆ ಇಳಿಸಿದ ಅಂತ ಅವನಿಗೆ ಹೆಸರಿತ್ತು. ಆಯಾಸ ಕಡಿಮೆ ಮಾಡೋದು ನಮ್ಮ ಉದ್ದೇಶ ಅಂತ ಇಬ್ಬರೂ ಹೇಳಿದರು. ಅದು ಪೂರಾ ಸುಳ್ಳಲ್ಲ. ಆದರೆ ಉಳಿದ ಚಲನೆಗಳ ಲಾಭ ಯಾರ ಜೇಬಿಗೆ ಹೋಯಿತು ಅನ್ನೋದನ್ನ ಬೆಳಕಿನ ಗೆರೆ ಹೇಳೋದಿಲ್ಲ.

ಆ ಚಿತ್ರಗಳನ್ನ ಈಗ ಗ್ಯಾಲರಿಯಲ್ಲಿ ಹಾಕಿದರೆ ಅತ್ಯುತ್ತಮ ಅಮೂರ್ತ ಕಲೆ ಅನ್ನುತ್ತಾರೆ. ಕತ್ತಲೆ, ಅದರೊಳಗೆ ಸುತ್ತಿ ಸುತ್ತಿ ಹೋಗುವ ಬಿಳಿ ಗೆರೆ. ಯಾರದೋ ಒಂದು ದಿನದ ಕೂಲಿ ಅದು. ಆದ್ದರಿಂದ ಅಮೂರ್ತ ಅನ್ನುವ ಪದ ಕೇಳಿದಾಗಲೆಲ್ಲ, ಇದು ಮೊದಲು ಯಾರ ಮೂರ್ತ ಆಗಿತ್ತು ಅಂತ ಕೇಳುವ ಹಕ್ಕು ನಮಗಿದೆ.

5

ಹಾಗಾದರೆ ಮಸುಕು ಅಂದರೆಲ್ಲ ಮೋಸವೇ? ಅಲ್ಲ. ಹಾಗೆ ಹೇಳಿ ಲೇಖನ ಮುಗಿಸಿದ್ದರೆ ಚಪ್ಪಾಳೆ ಸಿಗುತ್ತಿತ್ತು, ನಿಜ ಸಿಗುತ್ತಿರಲಿಲ್ಲ.

1968ರ ನವೆಂಬರಿನಲ್ಲಿ ಜಪಾನಿನ ಟೋಕಿಯೋದಲ್ಲಿ ಕೆಲವು ಹುಡುಗರು ಸೇರಿ 'ಪ್ರೊವೋಕ್' ಅನ್ನುವ ಸಣ್ಣ ಪತ್ರಿಕೆ ತಂದರು. ನಮ್ಮಂಥದ್ದೇ ಪತ್ರಿಕೆ. ಮೂರೇ ಸಂಚಿಕೆ ಬಂದು 1969ರಲ್ಲಿ ನಿಂತಿತು. ತಾಕುಮಾ ನಾಕಾಹಿರಾ, ಕೋಜಿ ತಾಕಿ, ಯುತಾಕಾ ತಾಕಾನಾಶಿ, ಕವಿ ತಾಕಾಹಿಕೊ ಒಕಾದಾ, ಎರಡನೇ ಸಂಚಿಕೆಯಿಂದ ದೈದೊ ಮೊರಿಯಾಮಾ. ಬೀದಿಯಲ್ಲಿ ವಿದ್ಯಾರ್ಥಿಗಳ ಚಳವಳಿ, ಅಮೆರಿಕದ ಜೊತೆಗಿನ ರಕ್ಷಣಾ ಒಪ್ಪಂದದ ವಿರುದ್ಧ ಸಿಟ್ಟು. ಪತ್ರಿಕೆಗಳು, ಸರ್ಕಾರ ತೋರಿಸುವ ನುಣುಪಾದ, ಸ್ಪಷ್ಟವಾದ ಚಿತ್ರಗಳನ್ನ ಈ ಹುಡುಗರು ನಂಬಲಿಲ್ಲ. ಓಡುತ್ತಾ, ಕ್ಯಾಮರಾ ಕಣ್ಣಿಗೆ ಹಚ್ಚದೆ, ಕೈ ಅಲುಗಿಸಿಕೊಂಡೇ ತೆಗೆದರು. 'ಅರೆ, ಬುರೆ, ಬೊಕೆ' ಅಂತ ಅದಕ್ಕೆ ಹೆಸರು ಬಂತು. ಒರಟು, ಅಲುಗಿದ್ದು, ಮಂಜಾದದ್ದು ಅಂತ ಅರ್ಥ. ಅಲ್ಲಿ ಅಲುಗಾಟ ಅಲಂಕಾರ ಆಗಿರಲಿಲ್ಲ. 'ನೀವು ತೋರಿಸುವ ಲೋಕ ನಿಮ್ಮದು, ನಮಗೆ ಹಾಗೆ ಕಾಣ್ತಾ ಇಲ್ಲ' ಅನ್ನುವ ಮಾತಾಗಿತ್ತು. ನಮ್ಮವರು ಶಿಷ್ಟ ಕನ್ನಡವನ್ನ ಮುರಿದು ಕೇರಿಯ ಮಾತನ್ನ ಪದ್ಯಕ್ಕೆ ತಂದರಲ್ಲ, ಅದಕ್ಕೆ ಹತ್ತಿರದ ಕೆಲಸ.

ಆಮೇಲೆ ಏನಾಯಿತು? 1970ರಲ್ಲಿ ಜಪಾನಿನ ಸರ್ಕಾರಿ ರೈಲ್ವೆ 'ಡಿಸ್ಕವರ್ ಜಪಾನ್' ಅಂತ ಪ್ರವಾಸದ ಪ್ರಚಾರ ಶುರು ಮಾಡಿತು. ಅದರ ಪೋಸ್ಟರುಗಳಲ್ಲಿ ಅದೇ ಅಲುಗಿದ ಚಿತ್ರ! ದಂಗೆಯ ಮಸುಕು ಟಿಕೆಟ್ ಮಾರೋಕೆ ನಿಂತಿತು. ಎರಡು ವರ್ಷ ಕೂಡ ಬೇಕಾಗಲಿಲ್ಲ. ನಾಕಾಹಿರಾ ಇದನ್ನ ನೋಡಿ ಸುಮ್ಮನಿರಲಿಲ್ಲ. ಬೇರೆಯವರನ್ನ ಬೈದು ಕೂರಲೂ ಇಲ್ಲ. ತನ್ನ ಕಡೆಗೇ ತಿರುಗಿದ. 1973ರಲ್ಲಿ ಬರೆದ ಪ್ರಬಂಧದಲ್ಲಿ, ನನ್ನ ಮಸುಕಿನಲ್ಲಿ ಇದ್ದದ್ದು ಲೋಕ ಅಲ್ಲ, ಲೋಕದ ಮೇಲೆ ನಾನು ಬಳಿದ ನನ್ನ ಭಾವನೆ ಅನ್ನುವ ಅರ್ಥದ ಮಾತು ಹೇಳಿದ. ಇನ್ನು ಮೇಲೆ ಫೋಟೋ ಅಂದರೆ ಗಿಡಮರಗಳ ಸಚಿತ್ರ ಕೋಶದ ಹಾಗೆ ವಸ್ತುವನ್ನ ವಸ್ತುವಾಗಿಯೇ ತೋರಿಸಬೇಕು ಅಂದ. ಆ ಹೊತ್ತಿನಲ್ಲೇ ತನ್ನ ಹಳೆಯ ನೆಗೆಟಿವ್‌ಗಳನ್ನ ಬಹುಪಾಲು ಸುಟ್ಟ. 1977ರಲ್ಲಿ ಕಾಯಿಲೆ ಬಿದ್ದು ನೆನಪನ್ನೇ ಬಹಳ ಮಟ್ಟಿಗೆ ಕಳೆದುಕೊಂಡ. ಮತ್ತೆ ಕ್ಯಾಮರಾ ಹಿಡಿದ ಮೇಲೆ ಬರಬರುತ್ತಾ ಸುತ್ತಲಿನ ಸಾಧಾರಣ ವಸ್ತುಗಳನ್ನ ಬಣ್ಣದಲ್ಲಿ, ನಿಚ್ಚಳವಾಗಿ ತೆಗೆಯುತ್ತಾ ಹೋದ. 2015ರಲ್ಲಿ ತೀರಿಕೊಂಡ.

ನೆಗೆಟಿವ್ ಸುಟ್ಟದ್ದು ಸರಿ ಅಂತ ನಾನು ಹೇಳೋದಿಲ್ಲ. ಆ ಚಿತ್ರಗಳು ಉಳಿಯಬೇಕಿತ್ತು. ಆದರೆ ತನ್ನ ಶೈಲಿಯನ್ನ ತಾನೇ ವಿಚಾರಣೆಗೆ ನಿಲ್ಲಿಸಿದ ಆ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಬಂಡಾಯದ ಪದಗಳು ಜಾಹೀರಾತಿಗೆ, ಚುನಾವಣೆಯ ಭಾಷಣಕ್ಕೆ ಹೋಗಿ ಬಂದ ಮೇಲೂ ಅದೇ ಪದಗಳನ್ನ ತೊಳೆಯದೆ ಪದ್ಯಕ್ಕೆ ಹಾಕುವವರು ನಾವು. ಯಾವ ತಂತ್ರವೂ ಸದಾ ಕಾಲ ದಂಗೆಯ ಕಡೆಗೇ ಇರೋದಿಲ್ಲ.

6

ಮಸುಕಿನ ಇನ್ನೊಂದು ಒಳ್ಳೆಯ ದಾರಿ ರಷ್ಯಾದಲ್ಲಿ ಸಿಕ್ಕಿತು. ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿಯಿತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂಗಡಿಗಳು ಖಾಲಿ, ಜನ ಕಂಗಾಲು. ಅಲೆಕ್ಸಿ ಟಿಟರೆಂಕೊ ಅನ್ನುವವನು ಆ ದಿನಗಳಲ್ಲಿ ವಸಿಲಿಯೋಸ್ಟ್ರೋವ್‌ಸ್ಕಾಯ ಮೆಟ್ರೋ ನಿಲ್ದಾಣದ ಮೆಟ್ಟಿಲ ಹತ್ತಿರ ಕ್ಯಾಮರಾ ನಿಲ್ಲಿಸಿ ಷಟರ್ ತೆರೆದಿಟ್ಟ. ಮೆಟ್ಟಿಲು ಹತ್ತುವ ಜನಜಂಗುಳಿ ಹೊಗೆಯಾಗಿ, ಪ್ರವಾಹವಾಗಿ ಮೂಡಿತು. ಮುಖ ಒಂದೂ ಇಲ್ಲ. ಆದರೆ ಕಂಬಿಯ ಮೇಲೆ ಕೈಗಳಿವೆ! ಮುಂದೆ ಸರಿಯೋಕೆ ಆಗದೆ ಕಂಬಿ ಹಿಡಿದು ಕಾಯುತ್ತಿದ್ದವರ ಕೈ ಅಲುಗದೆ ಇದ್ದದ್ದರಿಂದ ಅವು ಉಳಿದವು. ಹೊಗೆಯ ನಡುವೆ ಬೆರಳುಗಳು ಮಾತ್ರ ಗಟ್ಟಿ. ಆ ಸರಣಿಯ ಹೆಸರು 'ನೆರಳುಗಳ ನಗರ'.

ಇಲ್ಲಿ ದಾಗೆರ್‌ನ ಲೆಕ್ಕವೇ ಕೆಲಸ ಮಾಡಿದೆ. ಆದರೆ ಚಿತ್ರ ಬೇರೆ ಮಾತು ಹೇಳುತ್ತದೆ. ಈ ಜನ ಕರಗಿದ್ದು ಕ್ಯಾಮರಾ ಆಡಿಸಿದ್ದರಿಂದ ಅಲ್ಲ. ಅವರ ಕಾಲ ಅವರನ್ನ ಕರಗಿಸುತ್ತಿತ್ತು, ಕ್ಯಾಮರಾ ಅದಕ್ಕೆ ಸಾಕ್ಷಿಯಾಯಿತು. ಹಿಡಿದ ಕೈ ಉಳಿಯಿತು. ಇಂಥ ಮಸುಕಿನ ಮುಂದೆ ನನಗೆ ತಕರಾರಿಲ್ಲ.

ಈಗ ನಮ್ಮ ವಿಷಯದ ಹೃದಯಕ್ಕೆ ಬರೋಣ: ಕ್ಯಾಮರಾವನ್ನೇ ಬೇಕಂತ ಆಡಿಸೋದು. ಎರ್ನ್‌ಸ್ಟ್ ಹಾಸ್ ಅನ್ನುವವನು ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಹೋದವನು. 1950ರ ದಶಕದಲ್ಲಿ ಬಣ್ಣದ ಕೊಡಾಕ್ರೋಮ್ ಫಿಲ್ಮಿನ ವೇಗ ಎಎಸ್‌ಎ 10 ಅಷ್ಟೇ. ಓಡುವ ವಸ್ತುವನ್ನ ಅದರಲ್ಲಿ ನಿಲ್ಲಿಸೋಕೆ ಆಗುತ್ತಿರಲಿಲ್ಲ. ಹಾಸ್ ಆ ಕೊರತೆಯನ್ನೇ ಶೈಲಿ ಮಾಡಿದ. ಓಡುವ ಪ್ರಾಣಿಯ ಜೊತೆ ಕ್ಯಾಮರಾವನ್ನೂ ಓಡಿಸಿದ. 1956ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಗೂಳಿ ಕಾಳಗವನ್ನ ಹೀಗೆ ತೆಗೆದ. 1957ರಲ್ಲಿ ಲೈಫ್ ಪತ್ರಿಕೆ ಅದನ್ನ 'ಕ್ರೂರ ಕಲೆಯೊಂದರ ಸೌಂದರ್ಯ' ಅನ್ನುವ ಅರ್ಥದ ತಲೆಬರಹ ಕೊಟ್ಟು ಹಾಕಿತು. ಬಟ್ಟೆ, ಗೂಳಿ, ಮನುಷ್ಯ ಎಲ್ಲಾ ಸೇರಿ ಬಣ್ಣದ ಸುಳಿ. ನನಗೆ ಆ ತಲೆಬರಹ ಹಿಡಿಸೋದಿಲ್ಲ. ಸಾಯುವ ಗೂಳಿಗೆ ಅಲ್ಲಿ ಯಾವ ಸೌಂದರ್ಯವೂ ಇರಲಿಲ್ಲ.

ಆದರೆ ಹಾಸ್ ಮಾಡಿದ ಒಂದು ಕೆಲಸದಲ್ಲಿ ದೊಡ್ಡ ಪಾಠ ಇದೆ. ಕ್ಯಾಮರಾ ಓಡುವವನ ಜೊತೆ, ಅವನದೇ ವೇಗದಲ್ಲಿ ಸರಿದರೆ ಏನಾಗುತ್ತದೆ? ಅವನ ಬೆಳಕು ಸೆನ್ಸರಿನ ಒಂದೇ ಜಾಗದಲ್ಲಿ ಬೀಳುತ್ತದೆ. ಅವನು ಉಳಿಯುತ್ತಾನೆ. ನಿಂತಿದ್ದ ಕಟ್ಟಡ, ಗೋಡೆ, ಕಂಬಗಳು ಗೆರೆಗಳಾಗಿ ಹರಿದುಹೋಗುತ್ತವೆ. ದಾಗೆರ್‌ನ ಬೀದಿಯ ಲೆಕ್ಕ ಪೂರಾ ತಲೆಕೆಳಗಾಗುತ್ತದೆ! ನಿಂತ ಕ್ಯಾಮರಾ ನಿಂತವರ ಪಕ್ಷ. ಸರಿಯುವವರ ಜೊತೆ ಸರಿದ ಕ್ಯಾಮರಾ ಸರಿಯುವವರ ಪಕ್ಷ. ಯಾರ ಜೊತೆಗೂ ಸರಿಯದೆ ತನ್ನ ಖುಷಿಗೆ ತಾನು ಆಡಿದ ಕ್ಯಾಮರಾ ಮಾತ್ರ ಎಲ್ಲರನ್ನೂ ಬಣ್ಣ ಮಾಡುತ್ತದೆ. ಮರ, ಸಮುದ್ರ ಆದರೆ ಆಡಲಿ, ಅವಕ್ಕೆ ಪಟ್ಟಿಯಲ್ಲಿ ಹೆಸರು ಬೇಕಾಗಿಲ್ಲ. ಬಗ್ಗಿದ ಬೆನ್ನುಗಳ ಮೇಲೆ ಹಾಗೆ ಆಡುವ ಮುಂಚೆ ಯೋಚಿಸಬೇಕು.

ಆದ್ದರಿಂದ ಇಂಥ ಚಿತ್ರದ ಮುಂದೆ ನಿಂತಾಗ ಅಮೂರ್ತವೋ ಮೂರ್ತವೋ ಅಂತ ಜಗಳ ಆಡೋದು ಬೇಡ. ಕ್ಯಾಮರಾ ಯಾರ ಜೊತೆ ಅಲುಗಿತು? ಅಲುಗಾಟದಲ್ಲಿ ಏನು ಉಳಿಯಿತು? ಇಷ್ಟು ಕೇಳಿದರೆ ಸಾಕು.

7

ಈ ಪ್ರಶ್ನೆಗಳನ್ನ ಬೇರೆಯವರಿಗೆ ಕೇಳುವ ಮೊದಲು ನನಗೇ ಕೇಳಿಕೊಳ್ಳಬೇಕು. ಕಾಲೇಜಿನಲ್ಲಿ ನನ್ನ ಪದ್ಯಕ್ಕೆ ಒಂದು ಬಹುಮಾನ ಬಂತು. ಅದರಲ್ಲಿ ಅವ್ವ ನದಿಯಾಗಿದ್ದಳು, ಭೂಮಿಯಾಗಿದ್ದಳು, ಉರಿಯುವ ಹಣತೆಯಾಗಿದ್ದಳು. ಅವಳ ದಿನದ ಕೂಲಿ ಎಷ್ಟು ಅಂತ ಇರಲಿಲ್ಲ. ಮಂಡಿನೋವು ಯಾವ ಕಾಲಿಗೆ ಅಂತ ಇರಲಿಲ್ಲ. ಅವಳ ಹೆಸರು ಕೂಡ ಇರಲಿಲ್ಲ. ಸಭೆಯಲ್ಲಿ ಓದಿದಾಗ ಎಲ್ಲರೂ ಕಣ್ಣು ಒರೆಸಿಕೊಂಡರು. ಗ್ಯಾಲರಿಯ ಆ ಮನುಷ್ಯ ಕ್ಯಾಮರಾ ಆಡಿಸಿದರು, ನಾನು ರೂಪಕ ಆಡಿಸಿದೆ. ಅವರಿಗೆ ಊರು ಮುಖ್ಯ ಆಗಿರಲಿಲ್ಲ, ನನಗೆ ಅವ್ವನೇ ಮುಖ್ಯ ಆಗಿರಲಿಲ್ಲ. ಅವರ ಮೇಲೆ ಸಿಟ್ಟಿಲ್ಲ ಅಂದೆನಲ್ಲ, ಕಾರಣ ಇದು.

ಊರಿಗೆ ಬಂದ ಮೇಲೆ ಫೋನಿಗೆ ಒಂದು ಆ್ಯಪ್ ಹಾಕಿಕೊಂಡು ನಾನೂ ತೆಗೆದು ನೋಡಿದೆ. ಬೆಳಗಿನ ಜಾವ, ಕಣದಲ್ಲಿ ಅವ್ವ ರಾಗಿ ತೂರುತ್ತಿದ್ದಳು. ಬೆಳಕು ಕಡಿಮೆ ಇದ್ದದ್ದರಿಂದ ಕಪ್ಪು ಗಾಜು ಬೇಕಾಗಲಿಲ್ಲ. ಮೊದಲು ಗ್ಯಾಲರಿಯಲ್ಲಿ ನೋಡಿದ ಹಾಗೇ ಫೋನ್ ಅಡ್ಡಡ್ಡ ಆಡಿಸಿದೆ. ಅವ್ವನಿಗೆ ತೋರಿಸಿದೆ. 'ಏನ್ಲಾ, ಬಣ್ಣ ಚೆಲ್ಲಿದೀಯ' ಅಂದು ಕೆಲಸಕ್ಕೆ ಹೋದಳು.

ಆಮೇಲೆ ಫೋನನ್ನ ಕಲ್ಲಿಗೆ ಒರಗಿಸಿ ಅಲುಗದ ಹಾಗೆ ಇಟ್ಟು ಅರ್ಧ ಸೆಕೆಂಡಿನದು ತೆಗೆದೆ. ಅವಳ ಪಾದ, ಕಣದ ನೆಲ ನಿಚ್ಚಳವಾಗಿ ಬಂದವು. ಮೊರ, ಕೈ ಮಸುಕು. ಮೊರದಿಂದ ಇಳಿದ ಕಾಳು ಒಂದು ಗೆರೆ, ಹಾರಿದ ಹೊಟ್ಟು ಓರೆಯಾಗಿ ಇನ್ನೊಂದು ಗೆರೆ. ಇದನ್ನ ಅವಳು ಬಿಸಿಲಿಗೆ ಮರೆ ಮಾಡಿಕೊಂಡು ತುಂಬಾ ಹೊತ್ತು ನೋಡಿದಳು. 'ಪಡುವಲ ಗಾಳಿ ನೋಡು, ಹೊಟ್ಟು ಮೂಡ್ಲಕ್ಕೇ ಹೋಗದೆ. ಮೊರ ಇನ್ನೊಂದು ಗೇಣು ಎತ್ತಬೇಕಿತ್ತು, ಕಾಳ್ ಜೊತೆ ಒಸಿ ಹೊಟ್ಟೂ ಬಿದ್ದದೆ' ಅಂದಳು. ಗಿಲ್ಬ್ರೆತ್ ದಂಪತಿಗಳು ಕೂಲಿಯವರ ಕೈಗೆರೆಯನ್ನ ಮಾಲೀಕರಿಗೆ ಓದಿ ಹೇಳಿದರು. ಇಲ್ಲಿ ಗೆರೆಯ ಒಡತಿಯೇ ಗೆರೆಯನ್ನ ಓದಿದಳು. ಮರುದಿನ ಮೊರ ಒಂದು ಗೇಣು ಮೇಲೆ ಹೋಯಿತು.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ನಾನು ಹೇಳೋದು ಇಷ್ಟೇ. ಈ ತಂತ್ರ ಗ್ಯಾಲರಿಯವರ ಸ್ವತ್ತಲ್ಲ, ನಿಮ್ಮ ಫೋನಿನಲ್ಲೇ ಇದೆ. ಮೊದಲು ಮನೆಯವರ ಮುಖಗಳನ್ನ ನಿಚ್ಚಳವಾಗಿ ತೆಗೆದಿಡಿ, ಹಿಂದೆ ಹೆಸರು, ಊರು, ತಾರೀಖು ಬರೆಯಿರಿ. ನಮ್ಮಜ್ಜಿಗೆ ಆದದ್ದು ನಿಮ್ಮಜ್ಜಿಗೆ ಆಗೋದು ಬೇಡ. ಆಮೇಲೆ ಧಾರಾಳವಾಗಿ ಅಲುಗಾಡಿಸಿ. ತೆಗೆದದ್ದನ್ನ ಅದರಲ್ಲಿ ಇರುವವರಿಗೆ ಮೊದಲು ತೋರಿಸಿ, ಅವರು ಏನನ್ನುತ್ತಾರೆ ಕೇಳಿ.

ಕೊನೆಯದಾಗಿ ಒಂದು ಚಿತ್ರದ ವಿಷಯ ಹೇಳಿ ಮುಗಿಸುತ್ತೇನೆ. ಅವತ್ತು ಸಂಜೆ ಅವ್ವ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆಯಲ್ಲಿ ಬರುತ್ತಿದ್ದಳು. ನಾನು ಪಕ್ಕದಲ್ಲಿ ಅವಳ ವೇಗಕ್ಕೇ ನಡೆಯುತ್ತಾ, ಫೋನನ್ನ ಅವಳ ಕಡೆ ಹಿಡಿದು, ಸೆಕೆಂಡಿನ 1/8 ಭಾಗದ ಷಟರಿನಲ್ಲಿ ತೆಗೆಯುತ್ತಾ ಹೋದೆ. ನಲವತ್ತು ತೆಗೆದೆ, ಒಂದು ಬಂತು. ಹೊರೆ ಬಂದಿದೆ, ಹಣೆಯ ಬೆವರು ಬಂದಿದೆ, ಮುಖ ಬಂದಿದೆ. ಕಾಲು ಮಾತ್ರ ಸ್ವಲ್ಪ ಕರಗಿದೆ. ಹಿಂದಿನದೆಲ್ಲ ಅಡ್ಡಗೆರೆ.

ಅವ್ವ ಹೊರೆ ಇಳಿಸಿ ಫೋನ್ ಇಸಕೊಂಡು ನೋಡಿದಳು. ತನ್ನನ್ನ ತಾನು ನೋಡಿಕೊಂಡಳು. ಆಮೇಲೆ ಹಿಂದಿನ ಬಿಳಿ ಗೆರೆಯ ಮೇಲೆ ಬೆರಳಿಟ್ಟು ಕೇಳಿದಳು:

'ಇಲ್ಲಿ ದೊಡ್ಮನೆ ಇತ್ತಲ್ಲ, ಅದು ಎಲ್ಲೋಯ್ತ್ಲಾ?'